ಸಮ್ಮತಿ ಕಟ್ಟೆಯ ಸೀಮೆಯಿಂದ ಪಂಚಾಂಗ ಆ್ಯಪಿಗೊಂದು ಪತ್ರ

ಮಾನ್ಯ ಪಂಚಾಂಗ ಆ್ಯಪ್ ಸಾಹೇಬರಿಗೆ,

ಅಕ್ಕಲಕೋಟೆಯಿಂದ ಶರಣು. ಇತ್ತ ಎಲ್ಲರೂ ಕ್ಷೇಮ. ನಮ್ಮ ಕ್ಷೇಮವನ್ನು ನೀವು ನಮಗಿಂತ ಹೆಚ್ಚು ವಿಚಾರಿಸುತ್ತಿದ್ದೀರಿ, ಅದಕ್ಕೇ ಈ ಬಹಿರಂಗ ಪತ್ರ.

ಮೊನ್ನೆ ಅವ್ವ ಕೇಳಿದಳು: "ಏಕಾದಶಿ ಯಾವಾಗ ಅದನೋ ತಮ್ಮಾ?" ಇಷ್ಟೇ. ನಾನು ನಿಮ್ಮನ್ನು ಕೇಳಿದರೆ ನೀವು ನನ್ನನ್ನೇ ಕೇಳತೊಡಗಿದಿರಿ. ಮೊದಲು, ನಾನೆಲ್ಲಿದ್ದೇನೆ ಅಂತ. ಇರಲಿ, ಅದರಲ್ಲಿ ನ್ಯಾಯವಿದೆ. ಸೂರ್ಯೋದಯ ಊರಿಂದೂರಿಗೆ ಬೇರೆ, ತಿಥಿ ನೋಡುವುದು ಸೂರ್ಯೋದಯದ ಮೇಲೆ. ಊರ ಹೆಸರು ಸಾಕಿತ್ತು, ನಿಮಗೆ ಮನೆಯ ಹೊಸ್ತಿಲೇ ಬೇಕಾಯಿತು. ಕೊಟ್ಟೆ. ಆಮೇಲೆ ಸಂಪರ್ಕ ಪಟ್ಟಿ. ಉಪವಾಸ ಅವ್ವನದು, ಬೀಗರ ನಂಬರು ನಿಮಗೇಕೆ? ಆಮೇಲೆ ಮೈಕು. ದಶಮಿ ರಾತ್ರಿ ನಮ್ಮ ಮನೆಯಲ್ಲಿ ಯಾರು ಗೊರಕೆ ಹೊಡೆಯುತ್ತಾರೆ ಎಂಬುದರ ಮೇಲೆ ಏಕಾದಶಿ ನಿಂತಿದೆಯೇ? 'ಅನುಮತಿಸಬೇಡಿ' ಒತ್ತಿದೆ. "ಏನೋ ತಪ್ಪಾಗಿದೆ" ಎಂದು ಬರೆದು ಬಾಗಿಲು ಹಾಕಿಕೊಂಡಿರಿ. ತಪ್ಪು ಯಾರದೆಂದು ಮಾತ್ರ ಬರೆಯಲಿಲ್ಲ.

ಸೊಲ್ಲಾಪುರದ ಮೊಬೈಲ್ ಅಂಗಡಿಯ ಹುಡುಗನಿಗೆ ಫೋನು ಹಚ್ಚಿದೆ. "ಕ್ಯಾಶ್ ಕ್ಲಿಯರ್ ಮಾಡ್ರಿ" ಅಂದ. ಪಕ್ಕದಲ್ಲಿದ್ದ ಅವ್ವ ಸೊಂಟದ ಚಂಚಿ ಬಿಚ್ಚಿದಳು: "ಎಷ್ಟು ಬಾಕಿ ಉಳಿಸೀಯೋ?" ಕ್ಯಾಶ್ ಅಂದರೆ ಆ್ಯಪು ಬೇಗ ತೆರೆದುಕೊಳ್ಳಲೆಂದು ಕೂಡಿಟ್ಟುಕೊಂಡ ಹಳೆಯ ಸಾಮಾನು ಎಂದು ತಿಳಿಸಿ ಚಂಚಿ ಕಟ್ಟಿಸಿದೆ. ಸಾಮಾನು ಹೋಯಿತು, ತಪ್ಪು ಹೋಗಲಿಲ್ಲ. ಡೇಟಾವನ್ನೂ ಅಳಿಸಿದೆ. ಆಗ ನೀವು ಮರುಜನ್ಮ ಪಡೆದವರಂತೆ ಕಣ್ಣು ಬಿಟ್ಟು, ಮತ್ತೆ ಮೊದಲಿನಿಂದ: ನೀವೆಲ್ಲಿದ್ದೀರಿ?

ಅಕ್ಕಲಕೋಟೆ ಎಂದು ತಿಳಿದದ್ದೇ ತಡ, ಮರಾಠಿಗೆ ಹೊರಳಿದಿರಿ. ಅದಕ್ಕೆ ತಕರಾರಿಲ್ಲ. ಇಲ್ಲಿಂದ ಸೊಲ್ಲಾಪುರ ಮುಟ್ಟುವುದರೊಳಗೆ ನಮ್ಮ ನಾಲಿಗೆ ಕನ್ನಡಕ್ಕೂ ಮರಾಠಿಗೂ ಹತ್ತು ಸಲ ಹೊರಳುತ್ತದೆ. ಆದರೆ ಹಾರೈಕೆ ಮರಾಠಿಯಲ್ಲಿ, ಷರತ್ತು ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಗಾತ್ರದ ಅಕ್ಷರದಲ್ಲಿ. ಇದು ಯಾವ ಪದ್ಧತಿ ಸಾಹೇಬರೇ?

ಪದ್ಧತಿ ನೋಡಬೇಕಿದ್ದರೆ ಸಂಕ್ರಾಂತಿಯ ಸಮಯಕ್ಕೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಬನ್ನಿ. ಏಳು ನಂದಿಧ್ವಜಗಳು ಗುಡಿಯ ಬಳಿಯ ಸಮ್ಮತಿ ಕಟ್ಟೆಗೆ ಬಂದು ನಿಲ್ಲುತ್ತವೆ. ಅಲ್ಲಿ ಸಿದ್ಧರಾಮರ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಸಾಂಕೇತಿಕ ಮದುವೆ. ಮೊದಲು ಸಮ್ಮತಿ ಓದುತ್ತಾರೆ, ನೆರೆದ ಜನವೆಲ್ಲ ಕೇಳುವಂತೆ. ಅಕ್ಷತೆ ಬೀಳುವುದು ಆಮೇಲೆ. ನೀವೋ ಅಕ್ಷತೆ ಹಾಕಿಸಿಕೊಂಡು, ಬೀಗರ ಪಟ್ಟಿ ಜೇಬಿಗಿಳಿಸಿ, ಸಮ್ಮತಿಯ ಓಲೆಯನ್ನು ಕೊನೆಯ ಪುಟದಲ್ಲಿ ಅಡಗಿಸಿಡುವವರು.

ಕಾಯಿದೆಯೂ ನಮ್ಮ ಕಟ್ಟೆಯ ಮಾತನ್ನೇ ಆಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 6ನೇ ಕಲಮಿನಲ್ಲಿ ಒಂದು ಉದಾಹರಣೆಯಿದೆ: ವೈದ್ಯರ ಸಲಹೆ ಕೊಡಿಸುವ ಆ್ಯಪು ಸಂಪರ್ಕ ಪಟ್ಟಿ ಕೇಳಿ, ಬಳಸುವವರು ಹೂಂ ಎಂದರೂ, ಆ ಹೂಂ ವೈದ್ಯ ಸಲಹೆಗೆ ಮಾತ್ರ ಸಲ್ಲುತ್ತದೆ, ಪಟ್ಟಿಗಲ್ಲ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದಲು ಅವಕಾಶ ಕೊಡಬೇಕು ಎಂದೂ ಅದೇ ಕಲಮು ಹೇಳುತ್ತದೆ. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ, ಅಕ್ಕಲಕೋಟೆಯಲ್ಲಿ ಕೂತು ಓದಿದರೂ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಕೊನೆಗೆ, ದಾರ ಪೋಣಿಸಿ ಮೊಳೆಗೆ ತೂಗುಹಾಕಿದ್ದ ಸೊಲ್ಲಾಪುರದ ದಾತೆ ಪಂಚಾಂಗವನ್ನೇ ಇಳಿಸಿದೆ. ಮೂಲೆಯಲ್ಲಿ ಕುಂಕುಮದ ಬೆರಳಚ್ಚು ಇತ್ತು. ಅದು ಕೇಳಿದ್ದು ನನ್ನ ಚಷ್ಮಾ ಒಂದನ್ನೇ.

ಏಕಾದಶಿ ಗುರುವಾರ ಅದ.

ಇಂತಿ,
'ಈ ಬಾರಿ ಮಾತ್ರ' ನಿಮ್ಮವ