ಮಾತೃಫಲಕವಿಯೋಗೋತ್ತರ ಚಾಲಕಾವಶೇಷಗಳು: ಒಂದು ತಾತ್ವಿಕ ಅನುಸಂಧಾನ

ಗಣಕಯಂತ್ರದ ಮಾತೃಫಲಕವು ಪಲ್ಲಟಗೊಂಡ ತರುವಾಯವೂ ತಮ್ಮ ಅನನ್ಯತೆಯನ್ನು ಬಿಟ್ಟುಕೊಡದ ಚಾಲಕ ತಂತ್ರಾಂಶಗಳಿಗೆ ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅರ್ಥಾತ್, ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್‌ನಲ್ಲಿ ಉಳಿದ ಹಳೆಯ ಡ್ರೈವರ್‌ಗಳನ್ನು ತೆಗೆಯಬೇಕೇ, ಬೇಡವೇ? ಹೀಗೆ ನೆಟ್ಟಗೆ ಕೇಳಿದವರನ್ನು ವಿಚಾರ ಸಂಕಿರಣಕ್ಕೆ ಯಾರೂ ಕರೆಯುವುದಿಲ್ಲ. ಅವಶೇಷಗಳು ಚತುರ್ವಿಧ: ಸುಪ್ತ, ಗುಪ್ತ, ಲಿಪ್ತ, ಅತೃಪ್ತ. ಡ್ರೈವರ್ ಸ್ಟೋರ್ ಎಂಬ ಉಗ್ರಾಣದಲ್ಲಿ ಮಲಗಿರುವ ಕಡತಗಳು ಸುಪ್ತ. ರಿಜಿಸ್ಟ್ರಿಯಲ್ಲಿ ಹೆಸರಿದ್ದೂ ಡಿವೈಸ್ ಮ್ಯಾನೇಜರ್ ತೆರೆದೊಡನೆ ಕಾಣಿಸದವು ಗುಪ್ತ. ಲಿಪ್ತ ಎಂದರೇನೆಂದು ಪ್ರಬಂಧಕಾರನಿಗೂ ತಿಳಿಯದು. ಪ್ರಾಸಕ್ಕೆ ಬಂತು, ಇರಲಿ.

ಇಲ್ಲಿ ಪೂರ್ವಪಕ್ಷ: ಸತ್ತವು ಯಾರಿಗೆ ತೊಂದರೆ ಕೊಡುತ್ತವೆ? ಆಕ್ಷೇಪ ಬಹುಮಟ್ಟಿಗೆ ಸರಿಯೇ. ಇಂಥ ಡ್ರೈವರ್‌ಗಳಲ್ಲಿ ಹೆಚ್ಚಿನವು ತಮ್ಮ ಸಾಧನ ಎದುರಿಗಿದ್ದರಷ್ಟೇ ಮೆಮೊರಿಗೆ ಇಳಿಯುತ್ತವೆ. ಹಳೆಯ ಬೋರ್ಡಿನ ಸೌಂಡ್ ಚಿಪ್ ಇಲ್ಲವೆಂದ ಮೇಲೆ ಅದರ ಡ್ರೈವರ್ ಡಿಸ್ಕಿನ ಮೂಲೆಯಲ್ಲಿ ಬಿದ್ದಿರುತ್ತದೆ, ಅಷ್ಟೆ. ಬೋರ್ಡಿನ ಜೊತೆಗೆ ಬಂದ, ಬಣ್ಣದ ದೀಪ ಮಿನುಗಿಸುವ ಮತ್ತು ಫ್ಯಾನ್ ತಿರುಗಿಸುವ ತಂತ್ರಾಂಶಗಳ ಮಾತು ಬೇರೆ. ದೀಪವೇ ಇಲ್ಲದಿದ್ದರೂ ಅವು ಯಂತ್ರದೊಂದಿಗೆ ಎದ್ದು ಕೂರುತ್ತವೆ, ಅವನ್ನು ಮೊದಲು ಕಿತ್ತುಹಾಕಬೇಕು. ಆದರೆ ಅತೃಪ್ತವರ್ಗಕ್ಕೆ ಪುರಾವೆ ಬೇಕಾದವರು ಹಳೆಯ ನೆಟ್‌ವರ್ಕ್ ಪೋರ್ಟಿಗೆ ಕೊಟ್ಟಿದ್ದ ಸ್ಥಿರ ಐಪಿ ವಿಳಾಸವನ್ನೇ ಹೊಸದಕ್ಕೆ ಕೊಟ್ಟು ನೋಡಲಿ. ಈ ವಿಳಾಸ ಈಗಾಗಲೇ ಇನ್ನೊಂದು ಅಡಾಪ್ಟರಿನ ಪಾಲಾಗಿದೆ, ಆ ಅಡಾಪ್ಟರ್ ಯಂತ್ರದಲ್ಲಿಲ್ಲ ಎಂದು ವಿಂಡೋಸ್ ಒಂದೇ ಉಸಿರಿನಲ್ಲಿ ಹೇಳಬಲ್ಲದು. ಕಾಮ್ ಪೋರ್ಟುಗಳ ಸಂಖ್ಯೆಗಳದ್ದೂ ಇದೇ ಕಥೆ. ತಾತ ತೀರಿಕೊಂಡು ದಶಕಗಳಾದರೂ ಪೌತಿ ಖಾತೆಯಾಗದೆ ಪಹಣಿಯಲ್ಲಿ ಅವರ ಹೆಸರೇ ನಿಂತಿರುವ ಜಮೀನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ.

ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಬಿಡಿ ಎನ್ನುವ ಇನ್ನೊಂದು ಪಂಥವಿದೆ. ನೆಗಡಿಗೆ ಮೂಗು ಕೊಯ್ಯುವ ಪಂಥ. ಅಪರಕರ್ಮ ಅಷ್ಟು ದೊಡ್ಡದಲ್ಲ: ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿದರೆ ಗೈರುಹಾಜರಾದವು ಮಬ್ಬು ಚಿತ್ರಗಳಾಗಿ ಏಳುತ್ತವೆ, ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಬಹುದು. ವಿಂಡೋಸ್ 7ರ ಕಾಲದಲ್ಲಿ ಇಷ್ಟೂ ಸಾಲುತ್ತಿರಲಿಲ್ಲ. ಡೆವ್‌ಎಂಜಿಆರ್_ಶೋ_ನಾನ್‌ಪ್ರೆಸೆಂಟ್_ಡಿವೈಸಸ್ ಎಂಬ ಮಂತ್ರಕ್ಕೆ 1 ಎಂಬ ದಕ್ಷಿಣೆ ಇಟ್ಟರೆ ಮಾತ್ರ ದರ್ಶನ. ಉಗ್ರಾಣದ ಕಡತವೂ ಹೋಗಬೇಕಾದರೆ ಪಿಎನ್‌ಪಿಯುಟಿಲ್ ಆಜ್ಞೆ ಇದೆ. ಎಚ್ಚರಿಕೆ ಒಂದೇ. ಪೆನ್‌ಡ್ರೈವ್, ಫೋನ್, ಹೊರಗಿನ ಡಿಸ್ಕುಗಳೂ ಸದ್ಯ ಚುಚ್ಚಿಲ್ಲವೆಂಬ ಕಾರಣಕ್ಕೆ ಅಲ್ಲೇ ಮಬ್ಬಾಗಿ ಕೂತಿರುತ್ತವೆ. ಮಬ್ಬಾದದ್ದನ್ನೆಲ್ಲ ಅಳಿಸುವುದೆಂದರೆ ಊರಿಗೆ ಹೋದವರಿಗೂ ಪಿಂಡ ಇಟ್ಟಂತೆ.

ಇಷ್ಟಾದ ಮೇಲೆ ವರ್ಗೀಕರಣ ಸಾಕು. ಸಿಟ್ಟು ಬರುವುದು ಉಳಿದುಕೊಂಡ ಡ್ರೈವರ್‌ಗಳ ಮೇಲಲ್ಲ. ಕಂಪ್ಯೂಟರಿನೊಂದಿಗೇ ಬಂದ ವಿಂಡೋಸ್‌ನ ಪರವಾನಗಿ ಸಾಮಾನ್ಯವಾಗಿ ಮೊದಲ ಮದರ್‌ಬೋರ್ಡಿಗೆ ಕಟ್ಟುಬಿದ್ದಿರುತ್ತದೆ. ಬೋರ್ಡ್ ಸುಟ್ಟುಹೋಗಿ ಬೇರೆಯದು ಹಾಕಿಸಿದರೆ, ಅದೇ ಡಿಸ್ಕು, ಅದೇ ಕಡತಗಳು, ಅದೇ ಮೇಜು, ಆದರೂ ಆಕ್ಟಿವೇಟ್ ಮಾಡಿ ಎಂಬ ಸಾಲು ಪರದೆಯ ಮೂಲೆಯಲ್ಲಿ ಬಂದು ನಿಲ್ಲುತ್ತದೆ. ಸುರಕ್ಷತೆಗಾಗಿ, ಕಳ್ಳಪ್ರತಿ ತಡೆಯಲು ಎಂಬ ಸಮಾಧಾನ ಇಲ್ಲದಿಲ್ಲ. ಗುಜರಿಗೆ ಹೋದ ಬೋರ್ಡನ್ನು ಕದ್ದವರಾದರೂ ಯಾರು? ಸುಟ್ಟ ಬೋರ್ಡಿನ ಚಿಪ್ಪುಗಳ ಹೆಸರು, ತಯಾರಕರ ಸಂಖ್ಯೆ, ಕೊಟ್ಟಿದ್ದ ವಿಳಾಸ, ಎಲ್ಲವನ್ನೂ ಯಾರೂ ಕೇಳದೆ ಜೋಪಾನ ಮಾಡಿದ ಯಂತ್ರ, ದುಡ್ಡು ಕೊಟ್ಟು ಕೊಂಡು ಇಷ್ಟು ವರ್ಷ ಎದುರಿಗೆ ಕೂತು ದುಡಿದ ಮನುಷ್ಯನನ್ನು ಮಾತ್ರ ನೀನು ಯಾರು ಎಂದು ಕೇಳುತ್ತದೆ.