ಯೆಜ್ಡಿ ಜೀರ್ಣೋದ್ಧಾರ ಮೀಮಾಂಸೆ

ವಿಷಯ ಪ್ರವೇಶ

ಛಂದಸ್ಸಿಗೆ ನಾಗವರ್ಮ ಇದ್ದಾನೆ, ವ್ಯಾಕರಣಕ್ಕೆ ಕೇಶಿರಾಜ. ದನಕ್ಕೆ ಕಾಯಿಲೆ ಬಂದರೆ ಕೀರ್ತಿವರ್ಮನ ‘ಗೋವೈದ್ಯ’ವಿದೆ, ಕುದುರೆಗೆ ಬಂದರೆ ಅಭಿನವಚಂದ್ರನ ‘ಅಶ್ವವೈದ್ಯ’. ಅಡುಗೆಯನ್ನೂ ಬಿಡದೆ ಮಂಗರಸ ‘ಸೂಪಶಾಸ್ತ್ರ’ ಬರೆದಿಟ್ಟಿದ್ದಾನೆ. ಇಷ್ಟೆಲ್ಲ ಕಂಡ ಕನ್ನಡ ಶಾಸ್ತ್ರಸಾಹಿತ್ಯ ಹಿತ್ತಿಲಲ್ಲಿ ಗೋಣಿಚೀಲದ ಮೇಲೆ ಬಿಚ್ಚಿಟ್ಟ ಯೆಜ್ಡಿಯ ವಿಷಯಕ್ಕೆ ಬಂದಾಗ ಮಾತ್ರ ಬಾಯಿ ಕಟ್ಟಿಕೊಂಡು ಕೂತಿದೆ. ಈ ಬಗ್ಗೆ ಮನೆಗಳಲ್ಲಿ ಚರ್ಚೆಯೇ ನಡೆದಿಲ್ಲವೆಂದಲ್ಲ. ನಡೆದಿದೆ, ಹೆಚ್ಚಾಗಿ ರಾತ್ರಿ ಊಟದ ಹೊತ್ತಿಗೆ ನಡೆದಿದೆ. ಆದರೆ ಅದು ಏಕಪಕ್ಷೀಯವಾದ್ದರಿಂದ ಶಾಸ್ತ್ರವೆಂದು ಒಪ್ಪಲು ಬರುವುದಿಲ್ಲ.

ಆ ಕೊರತೆ ನೀಗಲು ಹೊರಟ ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ದೂರ ಪ್ರಯಾಣಕ್ಕೆಂದೇ ಹುಟ್ಟಿದ ಹಳೆಯ ಮೋಟಾರ್ ಸೈಕಲ್ ಇಂದಿಗೂ ದೂರ ಪ್ರಯಾಣ ಮಾಡುತ್ತಲೇ ಇದೆ. ಎಲ್ಲ ಭಾಗಗಳೂ ಒಟ್ಟಿಗೆ ಹೋಗುವುದಿಲ್ಲ, ಅಷ್ಟೇ.

ಕಾಲ-ದೇಶ ವಿಚಾರ

ದೇಶದ ಬಗ್ಗೆ ತಕರಾರಿಲ್ಲ: ಮೈಸೂರು, ಯಾದವಗಿರಿ. ಮೂಲವಂಶ ಜೆಕೊಸ್ಲೊವಾಕಿಯಾದ್ದು. ಅಲ್ಲಿಯ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡು, ತನ್ನ ಹೆಸರಿನ ತಲೆಗೆ ಅದರ ಹೆಸರಿನ ತಲೆ ಜೋಡಿಸಿ ಜಾವಾ ಎಂದು ಕರೆದ. ಅದೇ ಜಾವಾ ‘ಐಡಿಯಲ್’ ಎಂಬ ವಿಶೇಷಣ ತೊಟ್ಟು ಮೈಸೂರಿಗೆ ಬಂತು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಹೊರಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳಲ್ಲಿ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದಿವೆ. ಅವು ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತವೆಯಾದ್ದರಿಂದ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ತೊಡಕಿರುವುದು ಕಾಲದ ವಿಷಯದಲ್ಲಿ. ಪ್ರಸ್ತುತ ಗಾಡಿಯನ್ನೇ ತೆಗೆದುಕೊಳ್ಳೋಣ. ಆರ್.ಸಿ. ಪುಸ್ತಕ 1982 ಎನ್ನುತ್ತದೆ. ಟ್ಯಾಂಕಿನ ಆಕಾರ ಅದಕ್ಕಿಂತ ಹಳೆಯದು. ಹೆಡ್‌ಲೈಟಿನ ಡೂಮ್ ಯಾವುದೋ ತಮ್ಮನ ಕಾಲದ್ದು. ಸೀಟು ಯಾವ ಕಾಲದ್ದೂ ಅಲ್ಲ, ಪಕ್ಕದ ಬೀದಿಯ ಕುಶನ್ ಅಂಗಡಿಯದು. ಇಂಥ ಸನ್ನಿವೇಶದಲ್ಲಿ ನಮ್ಮ ಹಿರಿಯ ವಿದ್ವಾಂಸರು ಏನು ಮಾಡುತ್ತಿದ್ದರೋ ಅದನ್ನೇ ಮಾಡಬೇಕು: ಕೃತಿಯನ್ನು ಬಹುಕರ್ತೃಕವೆಂದು ಸಾರಿ ಕೈತೊಳೆದುಕೊಳ್ಳಬೇಕು. ಆದರೆ ಈ ವಾದವನ್ನು ಆರ್‌ಟಿಒ ಕಚೇರಿಯಲ್ಲಿ ಮಂಡಿಸಬಾರದು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾದಾಗ ಅಲ್ಲಿ ಕೇಳುವುದು ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟನ್ನು. ಬಿ.ಎಲ್. ರೈಸ್ ಊರೂರು ಸುತ್ತಿ ಶಾಸನಗಳ ಪಡಿಯಚ್ಚು ತೆಗೆಸಿದ ವಿಧಾನವೂ ಇದರ ಬಂಧುವೇ. ರೈಸ್ ಸಾಹೇಬರ ಶಾಸನಗಳ ಮೇಲೆ ಯಾರೂ ಮೂರು ಕೋಟು ಕಪ್ಪು ಪೇಂಟು ಬಳಿದಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಅಧಿಕಾರಿ ಲಕ್ಷಣ

ಯಾರು ಈ ಶಾಸ್ತ್ರಕ್ಕೆ ಅಧಿಕಾರಿ? ಗಾಡಿಯ ಮೇಲೆ ಕೂತು, ಬಲಗಡೆ ಬಗ್ಗಿ, “ಕಿಕ್ಕರ್ ಎಲ್ಲಿ?” ಎಂದು ಕೇಳಿದವನು ಅಲ್ಲಿಗೇ ಅನರ್ಹ. ಜಾವಾ-ಯೆಜ್ಡಿಗಳಲ್ಲಿ ಎಡಗಡೆಯ ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರ್. ಎರಡೆಂದು ತೋರುವುದು ಅಜ್ಞಾನದಿಂದ, ವಸ್ತುತಃ ಒಂದೇ. ಇಷ್ಟು ಅದ್ವೈತ ಗೊತ್ತಿದ್ದು, ಹತ್ತು-ಹನ್ನೊಂದರ ಸ್ಪ್ಯಾನರ್ ಸ್ವಂತದ್ದಾಗಿದ್ದು, ಭಾನುವಾರ ಸಂಬಂಧಿಕರ ಮದುವೆ ಇಲ್ಲದಿದ್ದರೆ ಸಾಕು.

ಪ್ರಮಾಣ ವಿಚಾರ

ಪ್ರತ್ಯಕ್ಷಕ್ಕೆ ಸ್ಪಾರ್ಕ್ ಪ್ಲಗ್ಗೇ ಸಾಕು. ಬಿಚ್ಚಿ ತುದಿ ನೋಡಿದಾಗ ಕಾಫಿಪುಡಿಯ ಕಂದು ಇದ್ದರೆ ಕ್ಷೇಮ, ಕಪ್ಪಗೆ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತಿದೆ. ಇಲ್ಲಿ ವಾದಕ್ಕೆ ಎಡೆಯಿಲ್ಲ, ಹಾಗಾಗಿ ಸ್ವಾರಸ್ಯವೂ ಇಲ್ಲ.

ಅನುಮಾನದಲ್ಲಿ ಮಾತ್ರ ಯೆಜ್ಡಿ ನಮ್ಮ ತರ್ಕಶಾಸ್ತ್ರಕ್ಕೇ ಸವಾಲು ಹಾಕುತ್ತದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಎಂಬುದು ‘ತರ್ಕಸಂಗ್ರಹ’ ಓದಿದವರಿಗೆಲ್ಲ ಬಾಯಿಪಾಠ. ಅನ್ನಂಭಟ್ಟರಿಗೆ ಎರಡು ಸ್ಟ್ರೋಕಿನ ಎಂಜಿನ್ ಪರಿಚಯವಿರಲಿಲ್ಲವೆಂಬುದನ್ನು ಗೌರವದಿಂದಲೇ ನೆನಪಿಸಬೇಕಾಗಿದೆ. ಪೆಟ್ರೋಲಿನ ಜೊತೆ ಆಯಿಲನ್ನೂ ಉರಿಸುವ ಈ ಯಂತ್ರಕ್ಕೆ ಹೊಗೆ ಸ್ವಭಾವ. ಅದರಿಂದ ಬೆಂಕಿಯನ್ನು ಊಹಿಸಿ ಏನೂ ಉಪಯೋಗವಿಲ್ಲ, ಖರ್ಚನ್ನು ಊಹಿಸಬೇಕು. ಬೆಳಗಿನ ಮೊದಲ ಕಿಕ್ಕಿನ ಹೊಗೆ ನಿತ್ಯ. ಎಂಜಿನ್ ಬಿಸಿಯಾದ ಮೇಲೂ ಬೀದಿ ಬೆಳ್ಳಗಾಗಿ, ಎದುರುಮನೆಯವರು ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡಿದರೆ ಅದು ನೈಮಿತ್ತಿಕ.

ಆಗ ನೆರವಿಗೆ ಬರುವುದು ಮೀಮಾಂಸಕರ ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಊಟ ಮಾಡುವುದಿಲ್ಲ, ಆದ್ದರಿಂದ ರಾತ್ರಿ ಮಾಡುತ್ತಾನೆ. ಹಾಗೆಯೇ, ಗೇರ್‌ಬಾಕ್ಸಿಗೆ ಮಟ್ಟಕ್ಕೆ ಸರಿಯಾಗಿ ಆಯಿಲ್ ಹಾಕಿದೆ, ಗಾಡಿಯ ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ, ಆದರೂ ಆಯಿಲ್ ಕಮ್ಮಿಯಾಗಿದೆ. ಆದ್ದರಿಂದ ಎಂಜಿನ್ ಒಳಗಿಂದೊಳಗೇ ಕುಡಿಯುತ್ತಿದೆ. ಇದು ಬರೀ ತಮಾಷೆಯಲ್ಲ. ಕ್ರ್ಯಾಂಕಿನ ಕ್ಲಚ್ ಬದಿಯ ಆಯಿಲ್ ಸೀಲು ವರ್ಷಗಳ ಬಿಸಿಗೆ ಗಟ್ಟಿಯಾಗಿ ಸೀಳಿರುತ್ತದೆ. ಪಿಸ್ಟನ್ ಮೇಲೇರಿದಾಗಲೆಲ್ಲ ಕ್ರ್ಯಾಂಕ್‌ಕೇಸಿನಲ್ಲಿ ಎಳೆತ ಉಂಟಾಗಿ ಗೇರ್ ಆಯಿಲ್ ಆ ಸಂದಿನಿಂದ ಒಳಗೆ ಹೋಗಿ, ಪೆಟ್ರೋಲಿನೊಡನೆ ಸುಟ್ಟು, ಬಿಳಿ ಹೊಗೆಯಾಗಿ ಎದುರುಮನೆಯ ಬಟ್ಟೆ ಸೇರುತ್ತದೆ. ಸೀಲಿನ ಬೆಲೆ ಕಾಫಿ-ತಿಂಡಿಯಷ್ಟು. ಅಲ್ಲಿಗೆ ತಲುಪಲು ಕವರು, ಕ್ಲಚ್ಚು, ಪ್ರೈಮರಿ ಚೈನು ಎಲ್ಲ ಕಳಚಬೇಕು. ದೇವದತ್ತನ ವಿಷಯದಲ್ಲಿ ರಾತ್ರಿ ಹೋಗಿ ಅಡುಗೆಮನೆ ದೀಪ ಹಾಕಿದರೆ ಸಾಕಿತ್ತು.

ಇನ್ನು ಆಪ್ತವಾಕ್ಯ. ಮೆಕ್ಯಾನಿಕ್ ಬಂದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿ, “ಸಾರ್, ಕನೆಕ್ಟಿಂಗ್ ರಾಡ್ ಹೋಗಿದೆ” ಎನ್ನುತ್ತಾನೆ. ಇದಕ್ಕೆ ಪ್ರತಿವಾದವಿಲ್ಲ. ಆಪ್ತವಾಕ್ಯದ ವಿಶೇಷ ಲಕ್ಷಣವೇನೆಂದರೆ ಅದು ಎಂದೂ ಅಗ್ಗದ ಕಡೆಗೆ ವಾಲಿದ್ದಿಲ್ಲ.

ಪಾಠಾಂತರಗಳು

ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕೆಂಬ ಮೂಲಭೂತ ಶ್ಲೋಕಕ್ಕೇ ಹಲವು ಪಾಠಗಳಿವೆ. ಲೀಟರಿಗೆ 40 ಮಿಲಿಲೀಟರ್ ಎಂಬುದು ಬಹುಜನಸಮ್ಮತ. 30 ಎನ್ನುವವರು ಮೈಲೇಜ್ ಪ್ರಿಯರು. 50 ಎನ್ನುವವರು ಒಮ್ಮೆ ಹೆದ್ದಾರಿಯಲ್ಲಿ ಪಿಸ್ಟನ್ ಜಾಮ್ ಆಗಿ, ಹಿಂದಿನ ಚಕ್ರ ಕಚ್ಚಿಕೊಂಡು, ಲಾರಿಯ ಮುಂದೆ ಜಾರಿದವರು, ಅವರೊಡನೆ ವಾದಿಸಬಾರದು. ನಿಲ್ಲಿಸಿಟ್ಟ ಗಾಡಿಯನ್ನು ಸ್ಟಾರ್ಟ್ ಮಾಡುವ ಮುನ್ನ ಆಚೀಚೆ ಅಲುಗಾಡಿಸಬೇಕು ಎಂಬುದರಲ್ಲಿ ಮಾತ್ರ ಎಲ್ಲ ಪಂಥಗಳೂ ಒಂದಾಗುತ್ತವೆ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಡಬಾರದೆಂಬುದರಲ್ಲೂ ಭಿನ್ನಮತವಿಲ್ಲ. ಪೆಟ್ರೋಲ್ ನಿಂತರೆ ಆಯಿಲೂ ನಿಂತಿತು, ಪಿಸ್ಟನ್ ಒಣಗಂಟಲಲ್ಲಿ ಓಡಬೇಕಾಗುತ್ತದೆ. ನಡುನಡುವೆ ಒಂದಿಷ್ಟು ತಿರುವಿ ಕುಡಿಸುತ್ತಿರಬೇಕು.

ಗ್ರಂಥಸಂಪಾದನೆಯ ನಿಜವಾದ ಸಮಸ್ಯೆ ಎದುರಾಗುವುದು ಮರುಜೋಡಣೆಯಾದ ಮೇಲೆ. ಎಂಜಿನ್ ಕೂಡಿಸಿಯಾಗಿದೆ, ಬೋಲ್ಟುಗಳೆಲ್ಲ ಬಿಗಿದಾಗಿದೆ, ಇಡ್ಲಿ ತಟ್ಟೆಯ ಗುಳಿಗಳಲ್ಲಿ ಮಾತ್ರ ಒಂದು ವಾಷರ್, ಒಂದು ಸಣ್ಣ ಸ್ಪ್ರಿಂಗ್, ತಲೆ ತುಸು ಸವೆದ ಒಂದು ಸ್ಕ್ರೂ ಉಳಿದಿವೆ. ಮಂದಮತಿಗಳು ಇದನ್ನು ಮರೆವು ಎನ್ನುತ್ತಾರೆ. ಶಾಸ್ತ್ರದೃಷ್ಟಿಯಲ್ಲಿ ಇವು ಪ್ರಕ್ಷಿಪ್ತಗಳು. ಹಿಂದಿನ ಯಾವನೋ ಲಿಪಿಕಾರ, ಅರ್ಥಾತ್ ಹಿಂದಿನ ಮೆಕ್ಯಾನಿಕ್, ತನ್ನ ಕಡೆಯಿಂದ ಸೇರಿಸಿದ್ದು, ಮೂಲದಲ್ಲಿ ಇರಲಿಲ್ಲ. ಅವಿಲ್ಲದೆ ಪಾಠ ಇನ್ನಷ್ಟು ಶುದ್ಧವಾಗಿದೆ. ಗೇರ್ ಎರಡನೆಯದಕ್ಕೆ ಬೀಳದಿದ್ದರೆ ಈ ಅಭಿಪ್ರಾಯವನ್ನು ಪುನರ್ವಿಮರ್ಶಿಸಬಹುದು.

ಇದಕ್ಕೆ ವಿರುದ್ಧವಾದದ್ದು ಲೋಪ. ಗಜನ್ ಪಿನ್ನಿನ ಸರ್ಕ್ಲಿಪ್ಪನ್ನು ನೋಸ್ ಪ್ಲೇಯರಿನಲ್ಲಿ ಹಿಡಿದು ಪಿಸ್ಟನ್ನಿನ ತೋಡಿಗೆ ಕೂರಿಸುವಾಗ ಅದು ಹಾರುತ್ತದೆ. ಹಾರುತ್ತದೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಯಾವ ಕಡೆಗೆ ಎಂಬುದು ಪ್ರಶ್ನೆ. ತುಳಸಿಕಟ್ಟೆಯ ಕಡೆಗಾದರೆ ಒಂದು ಸಂಜೆ ಹೋಯಿತು. ಕ್ರ್ಯಾಂಕ್‌ಕೇಸಿನ ತೆರೆದ ಬಾಯೊಳಗಾದರೆ ಇಡೀ ಎಂಜಿನ್ ಮತ್ತೆ ಬಿಚ್ಚಬೇಕು. ಆದ್ದರಿಂದ ಆ ಬಾಯಿಗೆ ಮೊದಲೇ ಒಂದು ಶುಭ್ರವಾದ ಬಟ್ಟೆ ತುರುಕಿರಬೇಕು. ಜೋಡಣೆ ಮುಗಿಸುವ ಮುನ್ನ ಆ ಬಟ್ಟೆಯನ್ನು ತೆಗೆಯಬೇಕೆಂದು ಪ್ರತ್ಯೇಕ ಸೂತ್ರ ಬರೆಯಬೇಕಾಗಿ ಬಂದಿರುವುದು ಕಾಲದ ಮಹಿಮೆ.

ಪ್ರಯೋಗ: ಪಾಕಶಾಲೆಯಲ್ಲಿ

ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವವರು ಪಾಮರರು. ಪಂಡಿತರು ಬೇರಿಂಗನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡುತ್ತಾರೆ.

“ರೀ, ಫ್ರೀಜರಲ್ಲಿ ಏನಿದು, ಕಬ್ಬಿಣದ್ದು?”

“ಬೇರಿಂಗ್ ಕಣೇ. ತಣ್ಣಗಾದ್ರೆ ಕುಗ್ಗುತ್ತೆ.”

“ಅದು ಕುಗ್ಗುತ್ತೋ ಬಿಡುತ್ತೋ, ಬಟಾಣಿ ಇಡೋ ಜಾಗ ಕುಗ್ಗಿದೆ.”

ಬೆಳಿಗ್ಗೆ, ಮನೆಯವರು ದೇವಸ್ಥಾನಕ್ಕೆ ಹೋದ ಶುಭಮುಹೂರ್ತದಲ್ಲಿ, ಚೆನ್ನಾಗಿ ತೊಳೆದು ಪೆಟ್ರೋಲಿನ ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿದ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸನ್ನು ಹೆಂಚಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಬೇಕು. ಬೆರಳದ್ದಿ ನೀರು ಚಿಮುಕಿಸಿದಾಗ ಹನಿ ಚುಂಯ್ ಎಂದು ಗುಳ್ಳೆಯೆದ್ದು ಆರಿದರೆ ಹದ ಬಂತು. ಹಳೆಯ ಬನಿಯನ್ನಿನಲ್ಲಿ ಹಿಡಿದು ಕೆಳಗಿಳಿಸಿ, ಫ್ರೀಜರಿನಿಂದ ತೆಗೆದ ಬೇರಿಂಗನ್ನು ಅದರ ಮನೆಯ ಮೇಲೆ ನೆಟ್ಟಗಿಟ್ಟರೆ, ಯಾರೂ ತಳ್ಳದೆ, ಟಕ್ ಎಂದು ತಾನೇ ಇಳಿದು ಕೂತುಕೊಳ್ಳುತ್ತದೆ. ಈ ಇಡೀ ಶಾಸ್ತ್ರದಲ್ಲಿ ಹೇಳಿದಂತೆ ನಡೆಯುವ ಕ್ರಿಯೆ ಇದೊಂದೇ. ಮರುದಿನದ ದೋಸೆಯಲ್ಲಿ ಗೇರ್ ಆಯಿಲಿನ ಸುಳಿವು ಕಂಡರೆ ಸಂಶೋಧಕರು ಅಜ್ಞಾತರಾಗಿ ಉಳಿಯುವುದು ಲೇಸು.

ಬಿಡಿಭಾಗಗಳ ತೀರ್ಥಯಾತ್ರೆ

ಈಗ ಪ್ರತಿಜ್ಞೆಯ ಸಾಧನೆ. ಸಿಲಿಂಡರ್ ಸವೆದಿದೆ, ಬೋರಿಂಗ್ ಆಗಬೇಕು. ಲೇತ್ ಅಂಗಡಿಯವರು ಮೊದಲು ಪಿಸ್ಟನ್ ತನ್ನಿ ಎನ್ನುತ್ತಾರೆ, ಅದರ ಅಳತೆಗೇ ಕೊರೆಯಬೇಕಾದ್ದರಿಂದ. ಪಿಸ್ಟನ್ನಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಅಳತೆ ಏರುತ್ತ ಹೋಗುತ್ತದೆ. 65 ಮಿಲಿಮೀಟರಿನಿಂದ ಹೊರಟ ಬೋರು ನಾಲ್ಕು ಮೆಟ್ಟಿಲು ಹತ್ತಿ 66 ತಲುಪುವ ವೇಳೆಗೆ, 75 ಮಿಲಿಮೀಟರಿನ ಸ್ಟ್ರೋಕಿನಲ್ಲಿ, ಎಂಜಿನ್ ಸುಮಾರು 8 ಸಿ.ಸಿ. ಬೆಳೆದಿರುತ್ತದೆ. ಆರ್.ಸಿ. ಪುಸ್ತಕಕ್ಕೆ ಇದರ ಸುದ್ದಿ ಮುಟ್ಟಿರುವುದಿಲ್ಲ. ವಯಸ್ಸಾದಂತೆ ಹೊಟ್ಟೆ ಬರುವುದು ಮಾಲೀಕನಿಗೆ ಮಾತ್ರವಲ್ಲ.

ಅತ್ತ ಕ್ರ್ಯಾಂಕ್ ಗೋಣಿಚೀಲದಲ್ಲಿ ಸುತ್ತಿಕೊಂಡು ಕೆಂಪು ಬಸ್ಸಿನಲ್ಲಿ ಮೈಸೂರಿಗೆ ಹೊರಟಿದೆ, ರಾಡ್ ಬದಲಿಸಿ ಪ್ರೆಸ್ ಮಾಡಿ ನೇರ ಕೂರಿಸಿಕೊಂಡು ಬರಲು. ತೂಕ ನೋಡಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದಿದ್ದಾನೆ. ಟ್ಯಾಂಕು, ಒಳಗಿನ ತುಕ್ಕು ಉದುರಲೆಂದು ಜಲ್ಲಿಕಲ್ಲು ಹಾಕಿ ಕುಲುಕಿಸಿಕೊಂಡ ಮೇಲೆ, ಟಿಂಕರಿಂಗಿನವನ ಶೆಡ್ಡಿನಲ್ಲಿ ತಂಗಿದೆ. ಸೈಲೆನ್ಸರುಗಳು ಕ್ರೋಮ್ ಮಾಡಿಸಲು ಇನ್ನೊಂದು ಊರಿಗೆ ಹೋಗಿ ಅಲ್ಲಿಯ ಹವೆ ಒಗ್ಗಿ ಉಳಿದುಬಿಟ್ಟಿವೆ. ಎಲ್ಲ ಭಾಗಗಳು ಕ್ರಮಿಸಿದ ದೂರ ಕೂಡಿಸಿದರೆ ಗಾಡಿ ಓಡಿದ್ದಕ್ಕಿಂತ ಹೆಚ್ಚಾದೀತು. ಅಂಗಳದಲ್ಲಿ ನಿಂತಿರುವುದು ಬರೀ ಫ್ರೇಮು. ಸ್ಪೀಡೋಮೀಟರ್ ಇದ್ಯಾವುದನ್ನೂ ದಾಖಲಿಸಿಲ್ಲ. ಅದರ ಕೇಬಲ್ ಕೂಡ ಊರಲ್ಲಿಲ್ಲ.

ಪೂರ್ವಪಕ್ಷ

ಭಾವಮೈದುನ ಕೇಳುತ್ತಾನೆ: “ಭಾವ, ಮಾರಿಬಿಡಬಾರ್ದಾ?” ಉತ್ತರ: ಬಿಚ್ಚಿಟ್ಟಿರುವಾಗ ಮಾರಹೋದರೆ ಕೊಳ್ಳುವವನು ಗುಜರಿಯ ರೇಟು ಹೇಳುತ್ತಾನೆ, ಕೊಡಲು ಮನಸ್ಸು ಬಾರದು. ಜೋಡಿಸಿ ಓಡುವಂತಾದ ಮೇಲೆ ಒಳ್ಳೆಯ ಬೆಲೆ ಬರುತ್ತದೆ, ಆಗಂತೂ ಕೊಡಲು ಮನಸ್ಸೇ ಬಾರದು. ಮೂರನೆಯ ಸ್ಥಿತಿ ಇಲ್ಲ. ಆದ್ದರಿಂದ ಮಾರಾಟ ತರ್ಕತಃ ಅಸಂಭವ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಊರೂರಿನ ಗಾಡಿಗಳೆಲ್ಲ ಮೆರವಣಿಗೆ ಹೊರಡುತ್ತವಲ್ಲ, ಅಷ್ಟರೊಳಗೆ ಆದೀತೇ ಎಂಬುದು ಅವನ ಎರಡನೆಯ ಆಕ್ಷೇಪ. ಯಾವ ವರ್ಷದ ಜುಲೈ ಎಂದು ಅವನು ಸ್ಪಷ್ಟಪಡಿಸದ ಕಾರಣ ಪ್ರಶ್ನೆ ದುಷ್ಟವಾಗಿದೆ.

ಶಾಪಾಶಯ

ಕನ್ನಡ ಶಾಸನಗಳ ಕೊನೆಯಲ್ಲಿ, ದತ್ತಿಗೆ ಅಳುಪಿದವರಿಗೆ ಶಾಪ ಹಾಕುವುದು ವಾಡಿಕೆ. ಆ ಪದ್ಧತಿಗೆ ಅನುಸಾರವಾಗಿ: ಈ ಪ್ರಬಂಧವನ್ನು ಓದಿದವನಿಗೆ ಬೇಕಾದ ಅಳತೆಯ ಪಿಸ್ಟನ್ ಮೊದಲ ಅಂಗಡಿಯಲ್ಲೇ ಸಿಗಲಿ. ಕೇಳಿದವನ ಸಿಬಿ ಪಾಯಿಂಟ್ ಸುಡದಿರಲಿ. ಎರಡು ದಿನಕ್ಕೆಂದು ಪುಲ್ಲರ್ ಒಯ್ದು ಇನ್ನೂ ಹಿಂತಿರುಗಿಸದ ಕೆಳಮನೆಯ ಮಹಾಶಯನಿಗೆ ಆಗುಂಬೆಯ 14 ತಿರುವುಗಳಲ್ಲಿ ಏಳನೆಯದರಲ್ಲಿ, ಸುರಿವ ಮಳೆಯಲ್ಲಿ, ಹಿಂದೆ ಅತ್ತೆಯವರು ಕೂತಿರುವಾಗ, ಪ್ಲಗ್ ಶಾರ್ಟ್ ಆಗಲಿ. ಟೂಲ್ ಬಾಕ್ಸಿನಲ್ಲಿ ಪ್ಲಗ್ ಸ್ಪ್ಯಾನರ್ ಇರಲಿ, ಅದರ ಕಡ್ಡಿ ಇಲ್ಲದಿರಲಿ.