ಅಮೆರಿಕದ ಮರೆವಿಗೆ ಮದ್ದುಂಟೆ?

ವಾಷಿಂಗ್ಟನ್ನಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಜಗತ್ತು ಹೊಸದಾಗಿ ಹುಟ್ಟುತ್ತದೆ. ಹಳೆಯ ಜಗತ್ತಿನ ಲೆಕ್ಕ ಬೇಕಾದವರು ತೆಹರಾನಿಗೆ ಹೋಗಬೇಕು. ಅಲ್ಲಿ ತಾರೀಖುಗಳೆಲ್ಲ ಬಾಯಿಪಾಠ.

ಮೊಸಾದೆಘ್ ಎಂಬ ಹಿರಿಯರು 1951ರಲ್ಲಿ ಇರಾನಿನ ಪ್ರಧಾನಿಯಾಗಿ, ಬ್ರಿಟಿಷ್ ಕಂಪನಿಯ ಹಿಡಿತದಲ್ಲಿದ್ದ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. ಅಮೆರಿಕದ ‘ಟೈಮ್’ ಪತ್ರಿಕೆ ಅವರನ್ನು ಆ ವರ್ಷದ ವ್ಯಕ್ತಿಯೆಂದು ಮುಖಪುಟಕ್ಕೇರಿಸಿತು. 1953ರ ಆಗಸ್ಟಿನಲ್ಲಿ ಸಿಐಎ, ಬ್ರಿಟಿಷರ ಜೊತೆಗೂಡಿ, ಅವರನ್ನು ಕುರ್ಚಿಯಿಂದ ಇಳಿಸಿತು. ಪ್ರಜಾಪ್ರಭುತ್ವದ ಮೇಲೆ ಅಷ್ಟು ಅಕ್ಕರೆ. ಪರರ ಕೈಗೆ ಸಿಕ್ಕಿ ಸವೆಯಬಾರದೆಂದು ಎತ್ತಿಟ್ಟರು. ಇದು ನಮ್ಮದೇ ಕೆಲಸ ಎಂದು ಸಿಐಎ ಬರೆದುಕೊಂಡಿದ್ದ ದಾಖಲೆ ಬಹಿರಂಗವಾದದ್ದು 2013ರಲ್ಲಿ. ಕ್ಷಿಪ್ರಕ್ರಾಂತಿಗೆ ಷಷ್ಟ್ಯಬ್ದಿಯ ಉಡುಗೊರೆ.

ಗದ್ದುಗೆ ಗಟ್ಟಿಯಾದ ಇರಾನಿನ ದೊರೆ ಷಾಗೆ ಅಮೆರಿಕದಿಂದ ಕೇಳಿದ್ದೆಲ್ಲ ಸಿಕ್ಕಿತು. ಎಫ್-14 ಯುದ್ಧವಿಮಾನಗಳು. ಅದಕ್ಕೂ ಮೊದಲೇ, 1967ರಲ್ಲಿ, ‘ಶಾಂತಿಗಾಗಿ ಪರಮಾಣು’ ಯೋಜನೆಯಡಿ ತೆಹರಾನಿಗೊಂದು ರಿಯಾಕ್ಟರ್. ಅದರ ಹೊಟ್ಟೆಗೆ ಬಾಂಬಿಗೂ ಸಲ್ಲುವಷ್ಟು ಪುಷ್ಟೀಕರಿಸಿದ ಯುರೇನಿಯಂ. ಹೌದು, ಇರಾನಿಗೇ. ಅಮೆರಿಕವೇ.

1979ರ ಕ್ರಾಂತಿಯಲ್ಲಿ ಷಾ ಓಡಿದರು, ಇರಾನ್ ವೈರಿಯಾಯಿತು. ಇರಾನಿನ ಮೇಲೆ ಯುದ್ಧಕ್ಕಿಳಿದಿದ್ದ ಇರಾಕಿನ ಸದ್ದಾಂ ಹುಸೇನರ ಕೈಯನ್ನು 1983ರಲ್ಲಿ ಬಾಗ್ದಾದಿಗೆ ಹೋಗಿ ಕುಲುಕಿದವರು ಅಮೆರಿಕದ ದೂತ ಡೊನಾಲ್ಡ್ ರಮ್ಸ್‌ಫೆಲ್ಡ್. ಆದರೆ ಇರಾನಿಗೂ ಬೇಜಾರಾಗಬಾರದಲ್ಲ! 1986ರಲ್ಲಿ ಅಧ್ಯಕ್ಷ ರೇಗನ್ ದೂತರು ಗುಟ್ಟಾಗಿ ತೆಹರಾನಿನಲ್ಲಿ ಇಳಿದರು, ಕ್ಷಿಪಣಿಯ ಬಿಡಿಭಾಗಗಳ ಜೊತೆಗೊಂದು ಕೇಕನ್ನೂ ಹೊತ್ತು. 2003ರಲ್ಲಿ ಅದೇ ರಮ್ಸ್‌ಫೆಲ್ಡ್ ರಕ್ಷಣಾ ಮಂತ್ರಿ. ಅದೇ ಸದ್ದಾಮರ ನಾಡಿನಲ್ಲಿ ಇಲ್ಲದ ಸಮೂಹನಾಶಕ ಅಸ್ತ್ರಗಳಿಗಾಗಿ ಹುಡುಕಾಟ.

ಮಗುವನ್ನು ಚಿವುಟಿ ತೊಟ್ಟಿಲು ತೂಗುವ ವಿದ್ಯೆ ನಮ್ಮ ಕಡೆಯವರಿಗೂ ಗೊತ್ತು. ತೊಟ್ಟಿಲನ್ನೂ ತಾವೇ ಮಾರಿ, ಅತ್ತ ಮಗುವಿನ ಮೇಲೆ ಆರ್ಥಿಕ ನಿರ್ಬಂಧ ಹೇರುವುದು ಮಾತ್ರ ಅಮೆರಿಕದ ಸ್ವಂತ ಸಂಶೋಧನೆ. ಆ ನಿರ್ಬಂಧದ ಕೈ ಎಷ್ಟು ಉದ್ದವೆಂದರೆ, ಇರಾನಿನ ಕಚ್ಚಾತೈಲಕ್ಕೆ ದೊಡ್ಡ ಗಿರಾಕಿಯಾಗಿದ್ದ ಮಂಗಳೂರಿನ ಎಂಆರ್‌ಪಿಎಲ್ 2019ರಲ್ಲಿ ಬೇರೆ ಅಂಗಡಿ ಹುಡುಕಬೇಕಾಯಿತು.

2015ರಲ್ಲಿ ಒಬ್ಬ ಅಧ್ಯಕ್ಷರು ಇರಾನಿನೊಡನೆ ಪರಮಾಣು ಒಪ್ಪಂದ ಮಾಡಿಕೊಂಡರು. 2018ರಲ್ಲಿ ಇನ್ನೊಬ್ಬರು ಹೊರನಡೆದರು. 2025ರ ಜೂನಿನಲ್ಲಿ ಅವರೇ ಇರಾನಿನ ಪರಮಾಣು ನೆಲೆಗಳಾದ ಫೋರ್ದೊ, ನತಾಂಜ್, ಇಸ್ಫಹಾನ್‌ಗಳ ಮೇಲೆ ಬಾಂಬು ಹಾಕಿಸಿದರು.

ಮುಂದೇನು ಎಂದು ಕೇಳುವವರು ಪಂಚಾಂಗ ತೆರೆಯಬೇಕಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸೌದಿ ಯುವರಾಜರು ಶ್ವೇತಭವನಕ್ಕೆ ಬಂದಿದ್ದರು. ಎಫ್-35 ವಿಮಾನ ಮಾರುವ ಮಾತಾಯಿತು. ಪರಮಾಣು ಸಹಕಾರದ ಮಾತೂ ಆಯಿತು. ಶಾಂತಿಗಾಗಿಯೇ.